ಉಡಿ ತುಂಬಿದ ಗೊಂಬೆ

ಅಡುಗೆಮನೆಯಲ್ಲಿ ಅಕ್ಕಿಹುಳ ಕಂಡರೆ ಅದೇನೂ ವಿಶೇಷವಲ್ಲ. ಆದರೆ ನೀವೇ ಹೇಳಿ, ನಡುಮನೆಯ ಗಾಜಿನ ಷೋಕೇಸಿನಲ್ಲಿ ಅದಕ್ಕೇನು ಕೆಲಸ? ಇವತ್ತು ಬೆಳಿಗ್ಗೆ ಪುಣೆಯ ವಿಮಾನ ನಗರದ ನಮ್ಮ ಫ್ಲ್ಯಾಟಿನಲ್ಲಿ ಒಂದು ಹುಳದ ಜಾಡು ಹಿಡಿದು ಹೊರಟವನು ನೀಲಕ್ಕನ ಗೊಂಬೆಯ ಮಡಿಲಿಗೆ ಬಂದು ಮುಟ್ಟಿದೆ.

ನಾನು ಗೊಂಬೆ ಕೂಡಿಡುವ ಗಂಡಸು. ನಗುವವರು ನಕ್ಕುಬಿಡಿ, ಮನೆಯಲ್ಲಿ ಆಗಲೇ ನಕ್ಕು ಮುಗಿದಿದೆ. ತುಮಕೂರಿನಿಂದ ಪುಣೆಗೆ ಬಂದ ಹೊಸತರಲ್ಲಿ, ಊರಾಚೆಯ ನಿಗಡಿ ಬಡಾವಣೆಯಲ್ಲಿ ಬಾಗಲಕೋಟೆ ಕಡೆಯವರೊಬ್ಬರು ಬಟ್ಟೆಗೊಂಬೆ ಮಾಡುತ್ತಾರೆಂದು ಕೇಳಿ ಹುಡುಕಿಕೊಂಡು ಹೋಗಿದ್ದೆ. ಅವರೇ ನೀಲಕ್ಕ. ಹಳೆಯ ಇಳಕಲ್ ಸೀರೆ ಹರಿದು ಮೈ ತುಂಬುತ್ತಿದ್ದರು. ಕಣ್ಣನ್ನು ಮಾತ್ರ ಕೊನೆಗೆ, ಕಪ್ಪು ದಾರದಲ್ಲಿ ಹೊಲಿಯುತ್ತಿದ್ದರು. ಒಂದರಂತೆ ಇನ್ನೊಂದನ್ನು ಮಾಡಿದವರಲ್ಲ. ನಾನು ಆರಿಸಿದ್ದು ಹಸಿರು ಸೀರೆಯವಳನ್ನು. ನನ್ನನ್ನು ನಂಬದವಳ ಹಾಗೆ ಅವಳ ಒಂದು ಹುಬ್ಬು ತುಸು ಮೇಲಿತ್ತು.

ಡಬ್ಬಿಗೆ ಹಾಕಲು ಹೋದೆ. "ತಡೀರಿ, ಬರೇ ಉಡಿಲೆ ಮಗಳನ್ನ ಕಳಸ್ತಾರೇನ್ರಿ?" ಎಂದು ಗದರಿ, ನಮ್ಮ ಕಡೆ ಮಡಿಲು ತುಂಬುವ ಹಾಗೆ ಅವಳ ಸೆರಗಿನಲ್ಲಿ ಅರ್ಧ ಹಿಡಿ ಅಕ್ಕಿ, ಒಂದು ಅಡಿಕೆ ಚೂರು ಇಟ್ಟು ಗಂಟು ಹಾಕಿದರು. "ಮನೀಗೆ ಹೋಗಿ ಬಿಚ್ಚಿ, ಪಾಯಸ ಮಾಡ್ಕೊಂಡ ಉಣ್ರಿ. ನಾಗರಪಂಚಮಿಗೆ ಆಕಿನ್ನ ತವರಿಗೆ ಕರಕೊಂಡ ಬರ್ರಿ. ಇವತ್ತಿಂದ ನಾವು ನೀವು ಬೀಗರು."

ವ್ಯಾಪಾರದ ಮಾತೆಂದುಕೊಂಡೆ. ಮೇಲಾಗಿ ಗೊಂಬೆ ಕೂಡಿಡುವವರಲ್ಲಿ ಒಂದು ಶಾಸ್ತ್ರವಿದೆ: ಕಲಾವಿದರು ಕಟ್ಟಿದ ಗಂಟನ್ನು ಬಿಚ್ಚಕೂಡದು. ಅವಳನ್ನು ಗಾಜಿನೊಳಗೆ ಕೂರಿಸಿ, ಬಂದವರಿಗೆಲ್ಲ ತೋರಿಸಿದೆ. ಐದು ಪಂಚಮಿ ಕಳೆದವು. ಬೀಗನಾಗು ಎಂದರೆ ಷೋಕೇಸಿಗೆ ಬೀಗ ಹಾಕಿ ಕೂತ ಜಾಣ ನಾನು.

ಇವತ್ತು ಗಂಟು ಬಿಚ್ಚಿದರೆ ಅಕ್ಕಿಯೆಲ್ಲ ಹುಡಿಯಾಗಿತ್ತು. ನಿಜಕ್ಕೂ ನಾಚಿಕೆಯಾಯಿತು. ನೀಲಕ್ಕನಿಗೆ ಫೋನು ಮಾಡಿ ನನ್ನ ಹೆಸರು ಹೇಳಿದೆ. ಅವರಿಗೆ ಗುರುತು ಹತ್ತಲಿಲ್ಲ. ಹಸಿರು ಸೀರೆ, ಎತ್ತಿದ ಹುಬ್ಬು ಎಂದೆ.

"ಅಯ್ಯ, ಆಕೀನ ಏನ್ರಿ!" ದನಿಯೇ ಬದಲಾಯಿತು. "ಎಲ್ಲಾರೂ ಒಮ್ಮೆರೆ ಬಂದ ಹೋದ್ರು, ಆಕಿ ಒಬ್ಬಾಕಿ ಬರಲಿಲ್ಲ ನೋಡ್ರಿ. ಪ್ರತಿ ಪಂಚಮಿಗೆ ಆಕಿ ಹೆಸರ್ಲೆ ಒಂದ ಎಳ್ಳಿನ ಉಂಡಿ ತಗದ ಇಡ್ತಿದ್ದೆ. ಈಗ ಕಣ್ಣ ಭಾಳ ಮಂಜಾಗ್ಯಾವ್ರಿ, ಸೂಜಿ ಹಿಡಿಯೂದ ಬಿಟ್ಟೀನಿ. ಲಗೂ ಕರಕೊಂಡ ಬರ್ರಿ, ಆಕಿ ಮಾರಿ ಇನ್ನೂ ನನ್ನ ಕಣ್ಣಿಗೆ ಕಾಣೂವಾಗ."

ಪಂಚಮಿ ಇನ್ನೂ ದೂರವಿದೆ. ಕಾಯುವ ಧೈರ್ಯ ನನಗಿಲ್ಲ. ಸೆರಗು ಕೊಡವಿದೆ, ಉಡಿಯನ್ನು ಖಾಲಿಯೇ ಬಿಟ್ಟೆ. ತುಂಬುವ ಕೈ ಅಲ್ಲಿದೆ. ಡಬ್ಬಿಗೆ ಹಾಕಲು ಮನಸ್ಸು ಬರದೆ, ತೊಡೆಯ ಮೇಲೆ ಕೂರಿಸಿಕೊಂಡು ಆಟೋ ಹತ್ತಿದ್ದೇನೆ. ಮಗಳಿಗೆ ತಗೊಂಡ್ರಾ ಗೊಂಬೆ ಎಂದು ಚಾಲಕ ಮರಾಠಿಯಲ್ಲಿ ಕೇಳಿದ.

"ಅಲ್ಲಪ್ಪ, ಇವಳು ಸೊಸೆ" ಎಂದೆ ನನ್ನ ಹರಕು ಮರಾಠಿಯಲ್ಲಿ. "ತವರಿಗೆ ಹೊರಟಿದ್ದಾಳೆ. ಸ್ವಲ್ಪ ಬೇಗ ಹೋಗು."