ಮುಚ್ಚಳದ ಮೇಲಿನ ಭಂಡಾರ

ಹಿಡಕಲ್ ಜಲಾಶಯದಲ್ಲಿ ದೋಣಿ ನಡೆಸಿ ಮೀನು ಹಿಡಿಯುವ ಬೀರಸಿದ್ದಪ್ಪನಿಗೆ ಈಜು ಬರುತ್ತಿರಲಿಲ್ಲ. ಇದು ಮೀನಿನಂತೆ ಈಜುವ ಹೆಂಡತಿ ಸಾತವ್ವನೊಬ್ಬಳಿಗೆ ಗೊತ್ತಿದ್ದ ಸಂಗತಿ. ತುಕ್ಕಾನಟ್ಟಿಯಲ್ಲಿ ಕಬ್ಬಿನ ಹೊಲಗಳ ಪಂಪು ರಿಪೇರಿ ಮಾಡಿಕೊಂಡಿದ್ದವನು ಮನೆ ಅಳಿಯನಾಗಿ ಅವಳ ಊರಿಗೆ ಬಂದ. ಮಾವ ತೀರಿಕೊಂಡ ಮೇಲೆ ದೋಣಿ, ಬಲೆ ಅವನ ಪಾಲಿಗೆ ಬಂದವು. ಹೊಸದರಲ್ಲಿ ಯಾರಾದರೂ ಕೇಳಿದ್ದರೆ ಬರುವುದಿಲ್ಲ ಎಂದುಬಿಡಬಹುದಿತ್ತು. ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಮೀಸೆ ಬೆಳ್ಳಗಾದ ಮೇಲೆ ಇನ್ನು ಯಾವ ಬಾಯಿಂದ ಹೇಳುವುದು? ಗಂಡಸಿನ ಮರ್ಯಾದೆ ಎಂಬುದು ಎಂಥೆಂಥ ಕಡೆ ಹೋಗಿ ಕೂತಿರುತ್ತದೋ.

ಆ ಅಂಜಿಕೆಯನ್ನು ಅವನು ಮಷೀನಿನ ಬೆನ್ನ ಹಿಂದೆ ಬಚ್ಚಿಟ್ಟಿದ್ದ. ದೋಣಿಯ ಹಿಂಬದಿಗೆ ತೂಗುಹಾಕುವ ಆ ಹಳೆಯ ಮಷೀನು ಕಾರವಾರದ ಕಡೆಯದು; ಬಣ್ಣ ಹೋಗಿ, ಯಾವ ಕಂಪನಿಯದೆಂದೂ ತಿಳಿಯುತ್ತಿರಲಿಲ್ಲ. ಅದನ್ನು ಬೇರೆಯವರು ಮುಟ್ಟಿದರೆ ಉರಿದುಬೀಳುತ್ತಿದ್ದ. ಸಾತವ್ವನಿಗೆ ಮಾತ್ರ ಅಮಾವಾಸ್ಯೆಗೊಮ್ಮೆ ಅಪ್ಪಣೆ. ಬೀರಪ್ಪ ದೇವರನ್ನು ನೆನೆದು ಅವಳು ಮಷೀನಿಗೂ ಪೆಟ್ರೋಲಿನ ಟಾಕಿಗೂ ಭಂಡಾರ ಹಚ್ಚುವಳು. ದೇವರ ಆ ಅರಿಸಿನ ಪುಡಿಯೇ ಗಂಡನನ್ನು ದಂಡೆಗೆ ತಂದು ಮುಟ್ಟಿಸುತ್ತದೆಂದು ಅವಳ ನಂಬಿಕೆ.

ನಾಗರ ಅಮಾವಾಸ್ಯೆಯ ಮರುದಿನ ಜಲಾಶಯ ತುಂಬಿ ಗೇಟು ತೆಗೆದಿದ್ದರು. ಅಂಥ ದಿನ ನೀರಿಗಿಳಿಯಬಾರದೆಂದು ಊರಿಗೆಲ್ಲ ಗೊತ್ತು. ಆದರೆ ಹಿಂದಿನ ಸಂಜೆ ಬಿಟ್ಟ ಬಲೆ ನೀರಲ್ಲೇ ಇತ್ತು. ಮಷೀನಿದ್ದಾಗ ತನಗೇನು ಎಂದು ಇವನು ಹೊರಟ. ಸಾತವ್ವ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವಳೂ ಹತ್ತಿ ಕೂತಳು.

ಬಲೆ ಎಳೆದುಕೊಂಡು ತಿರುಗಿದಾಗ ಗಾಳಿ ಎದುರಾಯಿತು. ನಡುನೀರಿನಲ್ಲಿ ಮಷೀನಿನ ದನಿ ಇಳಿಯಿತು. ರೇಸ್ ಕೊಟ್ಟರೆ ಕೆಮ್ಮಿ ಸಾಯುವುದು, ಇಳಿಸಿದರೆ ಸುಮ್ಮನೆ ಗುರುಗುಟ್ಟುವುದು. ದೋಣಿ ನಿಂತಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಒಡ್ಡಿನ ಕಡೆಗೆ, ತೆರೆದ ಗೇಟುಗಳ ಭೋರೆಂಬ ಸದ್ದಿನ ಕಡೆಗೆ ಸರಿಯತೊಡಗಿತು.

ಸಾತವ್ವ ಹುಟ್ಟು ಹಿಡಿದು ನೀರು ಸೀಳತೊಡಗಿದಳು. ಬೀರಸಿದ್ದಪ್ಪ ಮಷೀನನ್ನು ನಿಲ್ಲಿಸಿ ಎತ್ತಿ ನೋಡಿದ. ಪಂಖಕ್ಕೆ ಬಲೆಯ ಎಳೆಯೇನೂ ಸಿಕ್ಕಿರಲಿಲ್ಲ. ಬಿಸಿಯಾಗಿದೆಯೇ ಎಂದರೆ, ತಂಪು ಮಾಡುವ ನೀರು ಅಷ್ಟು ಹೊತ್ತೂ ಸರಿಯಾಗಿಯೇ ಹೊರಗೆ ಚಿಮ್ಮಿತ್ತು. ಪ್ಲಗ್ ಬಿಚ್ಚಿ ಬೇರೆ ಹಾಕಿ ಹಗ್ಗ ಎಳೆದ. ಮಷೀನು ಗಟ್ಟಿದನಿಯಲ್ಲಿ ಎದ್ದಿತು, ದೋಣಿ ಮುನ್ನುಗ್ಗಿತು. ಸಾತವ್ವ ಹುಟ್ಟು ಕೆಳಗಿಟ್ಟು ಉಸಿರುಬಿಟ್ಟಳು. ಅಷ್ಟರಲ್ಲಿ ಅದು ಮತ್ತೆ ಕೆಮ್ಮಿ ನಿಂತುಹೋಯಿತು. ಸಿಕ್ಕಿದ್ದು ಕೈಜಾರಿದ ಮೇಲೆ ಬರುವ ಭಯ ಮೊದಲಿನದಕ್ಕಿಂತ ದೊಡ್ಡದು. ಒಡ್ಡಿನ ಮೇಲಿನ ಕಂಬಗಳು ಈಗ ಒಂದೊಂದಾಗಿ ಕಾಣುತ್ತಿದ್ದವು.

"ನೀ ಈಸಿ ದಂಡಿ ಸೇರ್ಕೋ," ಎಂದ ಅವನು, ಅವಳ ಮುಖ ನೋಡದೆ. "ನಾ ಮಸೀನ ನೋಡ್ಕೋತೇನಿ."

"ನಿಮ್ಮನ್ನ ಬಿಟ್ಟ ಹೋಗಾಕ ನಾ ಹತ್ತಿ ಕುಂತಿಲ್ರಿ," ಎಂದಳು ಅವಳು. "ನೀವ್ ಮೊದಲ ಮಸೀನ ನೋಡ್ರಿ."

ಟಾಕಿಯಿಂದ ಮಷೀನಿಗೆ ಹೋಗುವ ಪೈಪಿನ ನಡುವೆ, ಹಿಸುಕಿ ಪೆಟ್ರೋಲ್ ಏರಿಸುವ ಒಂದು ರಬ್ಬರ್ ಉಂಡೆ ಇರುತ್ತದೆ. ಅದನ್ನು ಹಿಡಿದರೆ ಬತ್ತಿದ ಕೆಚ್ಚಲಿನಂತೆ ಚಪ್ಪಟೆಯಾಗಿತ್ತು, ಬಿಟ್ಟರೂ ಉಬ್ಬಲಿಲ್ಲ. ತುಕ್ಕಾನಟ್ಟಿಯ ಪಂಪುಗಳ ನೆನಪು ತಟ್ಟನೆ ಬಂತು. ನೀರೆಳೆಯುವ ಪೈಪು ಒಳಗೆ ಕುಸಿದಿದ್ದರೆ ಪಂಪನ್ನು ಬೈದು ಪ್ರಯೋಜನವಿಲ್ಲ, ಅದರ ಹಿಂದೆ ಎಲ್ಲೋ ದಾರಿ ಕಟ್ಟಿರುತ್ತದೆ. ಟಾಕಿಯ ಮುಚ್ಚಳ ತಿರುಗಿಸಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು, ಉಂಡೆ ಅವನ ಕೈಯಲ್ಲೇ ಉಬ್ಬಿತು.

ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು. ಪೆಟ್ರೋಲ್ ಇಳಿದಂತೆ ಅಲ್ಲಿಂದ ಗಾಳಿ ಬರದಿದ್ದರೆ ಮಷೀನಿಗೆ ಏನೂ ಸಿಗದು; ನಿಲ್ಲಿಸಿಟ್ಟಾಗ ನುಸುಳಿದ ತುಸು ಗಾಳಿಗೆ ಒಂದು ಗಳಿಗೆ ಓಡುವುದು, ಅಷ್ಟೇ. ಆ ತೂತಿನಲ್ಲಿ ರಾತ್ರಿಯ ಮಳೆಗೆ ನೆನೆದ ಭಂಡಾರ ಗಟ್ಟಿಯಾಗಿ ಕೂತಿತ್ತು.

ಸಾತವ್ವ ಅದನ್ನು ನೋಡಿದಳು. ನಿನ್ನೆ ಅಮಾವಾಸ್ಯೆಗೆ ಹಚ್ಚಿದ್ದು ಅವಳದೇ ಕೈ. ಅವನು ಬೈಯಲಿಲ್ಲ, ಬೈಯಲು ಹೊತ್ತೂ ಇರಲಿಲ್ಲ. ಕೈ ಚಾಚಿ ಪಿನ್ನು ಕೇಳಿದ. ಅವಳು ತಾಳಿಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಕಿತ್ತು ಕೊಟ್ಟಳು. ತೂತು ಚುಚ್ಚಿ, ಊದಿ, ಮುಚ್ಚಳ ಹಾಕಿ ಹಗ್ಗ ಎಳೆದ. ಈ ಸಲ ರೇಸ್ ಕೊಟ್ಟಷ್ಟೂ ಮಷೀನು ಏರಿತು. ಗೇಟಿನ ಸದ್ದು ಮೆಲ್ಲಮೆಲ್ಲಗೆ ಪೂರಾ ಹಿಂದೆ ಬಿತ್ತು.

ದಂಡೆಗೆ ಬಂದು ದೋಣಿ ಕಟ್ಟುವಾಗ ಸಾತವ್ವನಿಗೆ ಅಳು ತಡೆಯಲಾಗಲಿಲ್ಲ. ಇನ್ನು ಮಷೀನನ್ನು ಮುಟ್ಟುವುದೇ ಇಲ್ಲ ಎಂದಳು. ಬೀರಸಿದ್ದಪ್ಪ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಹಾಕಿದ. ಅಲ್ಲೇ ಬಾಜೂಕ್ಕೆ ನಾಲ್ಕಾರು ಮಂದಿ ಬಲೆ ಹೊಲಿಯುತ್ತ ಕೂತಿದ್ದರು. ಅವರಿಗೆ ಕೇಳಿಸುತ್ತದೆಂದು ಗೊತ್ತಿದ್ದೂ ಅವನು ದನಿ ತಗ್ಗಿಸಲಿಲ್ಲ.

"ಭಂಡಾರ ಹಚ್ಚೂದ ಬಿಡಬ್ಯಾಡ, ಮುಚ್ಚಳ ಒಂದ ಬಿಟ್ಟ ಹಚ್ಚ," ಎಂದ. "ಮತ್ತ ನಾಳಿಂದ ನನಗ ಈಸಾಕ ಕಲಿಸ."