ಗುರುವ ಬಿಗಿದ ಹರಕೆ

ಸಿಂಗಾಪುರದ ವುಡ್‌ಲ್ಯಾಂಡ್ಸ್ ಬಡಾವಣೆಯ ಗುರುವ ಕಟ್ಟಿದ ಗಂಟನ್ನು ಬಿಚ್ಚಿದವರಿಲ್ಲ. ಊರು ಉಡುಪಿ ಕಡೆಯ ಕಾಪು, ಕೆಲಸ ಅಲ್ಲಿನ ಶಿಪ್‌ಯಾರ್ಡಿನಲ್ಲಿ ಕ್ರೇನಿಗೆ ಭಾರ ಬಿಗಿಯುವುದು. ಮನೆಯಲ್ಲೂ ಅದೇ ಚಾಳಿ. ಅವನು ಬಾಯಿ ಕಟ್ಟಿಟ್ಟ ಅಕ್ಕಿ ಚೀಲಕ್ಕೆ ಹೆಂಡತಿ ವಿಮಲಾ ಕತ್ತರಿಯನ್ನೇ ಹಾಕಬೇಕು. ದಂಪತಿಗೆ ಇದ್ದ ಕೊರಗು ಒಂದೇ, ಮಕ್ಕಳಿರಲಿಲ್ಲ. ಡಾಕ್ಟರು, ನಾಗನಿಗೆ ತಂಬಿಲದ ಪೂಜೆ, ಎಲ್ಲ ಆಗಿತ್ತು.

ತೊಂಬತ್ತೆಂಟನೇ ಇಸವಿಯಲ್ಲಿ ಕಂಪನಿ ಅವನನ್ನು ಜನರೇಟರ್ ಇಳಿಸಲು ಇರಾಕಿನ ಉತ್ತರದ ಬೆಟ್ಟಗಳಿಗೆ ಕಳಿಸಿತು. ರಜೆಯ ದಿನ ಡ್ರೈವರ್ ಅವನನ್ನು ಲಾಲಿಶ್‌ಗೆ ಕರೆದೊಯ್ದ. ಆ ಬೆಟ್ಟಗಳ ಯಜೀದಿ ಎಂಬ ಪಂಗಡದವರ ಪುಣ್ಯಕ್ಷೇತ್ರ ಅದು. ಗುಡಿಯ ಬಾಗಿಲ ಪಕ್ಕದ ಗೋಡೆಯಲ್ಲಿ ಕಲ್ಲಿನಲ್ಲಿ ಕೆತ್ತಿದ ಕರಿ ಹಾವೊಂದು ನೆಟ್ಟಗೆ ನಿಂತದ್ದನ್ನು ಕಂಡದ್ದೇ ಗುರುವ ಕೈಮುಗಿದ. ನಾಗ ಇದ್ದ ಮೇಲೆ ಇದು ನಮ್ಮದೇ ಜಾಗ ಎಂದು ಅವನಿಗೆ ಖಾತ್ರಿಯಾಯಿತು.

ಒಳಗೆ ಕಂಬಗಳಿಗೆ ಬಣ್ಣಬಣ್ಣದ ರೇಷ್ಮೆ ಬಟ್ಟೆ, ಬಟ್ಟೆಯ ತುಂಬ ಗಂಟು. ಸೇವೆಗಿದ್ದ ಗುಲೆ ಎಂಬ ಅಜ್ಜಿ ವಿವರಿಸಿದಳು, ಡ್ರೈವರ್ ಇಂಗ್ಲಿಷಿಗೆ ತಂದ. ಬೇರೆಯವರ ಒಂದು ಗಂಟು ಬಿಚ್ಚು, ಅವರ ಹರಕೆ ಈಡೇರುತ್ತದೆ. ನಿನ್ನದೊಂದು ಕಟ್ಟು, ಮುಂದೆ ಬಂದವರು ಅದನ್ನು ಬಿಚ್ಚಿದಾಗ ನಿನ್ನದೂ ಈಡೇರುತ್ತದೆ.

ಗುರುವ ಒಂದನ್ನು ಬಿಚ್ಚಿದ. ಆಮೇಲೆ ವಿಮಲಾಳನ್ನು ನೆನೆದು ತನ್ನದನ್ನು ಕಟ್ಟಿದ. ಮಗುವಿನ ವಿಷಯ, ಸಡಿಲ ಬಿಡಲಾದೀತೇ? ಇನ್ನೆರಡು ಸುತ್ತು ಹಾಕಿ, ಕಾಲು ಊರಿ ಜಗ್ಗಿದ.

ಅಜ್ಜಿ ಮುಟ್ಟಿ ನೋಡಿ ಹೌಹಾರಿದಳು. ಉಗುರು ಹಾಕಿದಳು, ಹಲ್ಲು ಹಾಕಿದಳು. ಬಂದ ಯಾತ್ರಿಕರನ್ನೆಲ್ಲ ಕರೆದಳು. ನಾನೇ ಬಿಚ್ಚುತ್ತೇನೆ ಎಂದು ಗುರುವ ಮುಂದಾದರೆ, ಕಟ್ಟಿದವನೇ ಬಿಚ್ಚಿದರೆ ಹರಕೆ ರದ್ದು ಎಂದು ತೀರ್ಪು ಕೊಟ್ಟಳು. ಹರಕೆ ಸಿಕ್ಕಿಬಿದ್ದ ಅತಿಥಿಯನ್ನು ಹಸಿದು ಕಳಿಸುವುದುಂಟೇ? ಚಹಾ ಬಂತು, ರೊಟ್ಟಿ ಬಂತು, ಕುರಿಯೂ ಬಂತು. ಗಂಟಿನ ಮುಂದೆ ಸೋತವರೆಲ್ಲ ಊಟಕ್ಕೆ ಕೂತರು. ಬಿಟ್ಟರೆ ಅನ್ನಕ್ಕೆ ಅವಮಾನ ಎಂದು ಗುರುವ ತಟ್ಟೆ ಬಳಿದು ತಿಂದ. ತಟ್ಟೆ ಖಾಲಿಯಾದರೆ ಮನೆಗೆ ಅವಮಾನ ಎಂದು ಅಜ್ಜಿ ಮತ್ತೆ ಬಡಿಸಿದಳು. ಕೊನೆಗೆ ಅವನನ್ನು ಜೀಪಿಗೆ ಹತ್ತಿಸಲು ಇಬ್ಬರು ಬೇಕಾಯಿತು. ಬಂದವರ ಹತ್ತಿರವೆಲ್ಲ ಬಿಚ್ಚಿಸಿ ನೋಡುತ್ತೇನೆ ಎಂದು ಅಜ್ಜಿ ಅವನ ಕೈ ಹಿಡಿದು ಅತ್ತಳು.

ಮನೆಗೆ ಬಂದು ಹೇಳಿದ್ದೇ ತಡ, ವಿಮಲಾ ಉರಿದುಬಿದ್ದಳು.

“ಎಂಥ ಜನ ಮಾರಾಯ್ರೆ ನೀವು! ದೇವರ ಹತ್ರಾನೂ ಶಿಪ್‌ಯಾರ್ಡ್ ಗಂಟಾ? ಸ್ವಲ್ಪ ಲೂಸ್ ಮಾಡೋಕೆ ಆಗ್ಲಿಲ್ವಾ?”

“ಬಿದ್ದುಹೋದ್ರೆ ಅಂತ ಹೆದರಿಕೆ ಆಯ್ತು,” ಎಂದ ಗುರುವ.

ವಿಮಲಾಳ ಸಿಟ್ಟು ಇಳಿಯಿತು. “ನೀವು ಬಿಚ್ಚಿದ್ದು ಯಾರದ್ದು?”

“ಗೊತ್ತಿಲ್ಲ. ಮುಟ್ಟಿದ ಕೂಡಲೇ ಬಿಚ್ಚಿಕೊಳ್ತು.”

“ಹಾಗಾದ್ರೆ ಅದನ್ನ ಕಟ್ಟಿದವಳಿಗೆ ಮಗು ಆಗಿರುತ್ತೆ.” ಕಣ್ಣೊರೆಸಿಕೊಂಡಳು. “ಅಲ್ಲಿ ಚಳಿ ಉಂಟಾ? ಮಗುಗೆ ಟೋಪಿ ಬೇಕಾಗುತ್ತೆ.”

ಅದು ಕುರಿ ಕಳೆದುಕೊಂಡವನ ಗಂಟೂ ಆಗಿರಬಹುದು ಎನ್ನಲು ಗುರುವನಿಗೆ ಬಾಯಿ ಬರಲಿಲ್ಲ.

“ಉಂಟು,” ಎಂದ. “ತುಂಬ ಚಳಿ.”