ನಂಬರಮ್ಮ ಮತ್ತು ‘ಇತರೆ’
ಆಸ್ಪತ್ರೆಯ ದಾಖಲೆ ಕೋಣೆಯಿಂದ ‘ತಾನಾಗಿ ಬಿದ್ದನಾ, ಯಾರಾದ್ರೂ ತಳ್ಳಿದ್ರಾ? ಮೊದಲು ಅದನ್ನ ಹೇಳಿ’ ಎಂಬ ಗದರಿಕೆ ಕೇಳಿ, ನಂಬರಮ್ಮ ಪೊಲೀಸಿನವರೆಂದೇ ನಾನು ನಂಬಿದ್ದೆ. ಆಮೇಲೆ ತಿಳಿಯಿತು, ರೋಗಿಗಳ ಕಾಯಿಲೆಗಳಿಗೆ ಸಂಖ್ಯೆ ಕೊಡುವ ಗುಮಾಸ್ತರಿಗೆ ಹೊಸ ವರ್ಗೀಕರಣ ಕಲಿಸುವ ಮೇಡಂ ಅವರು; ತಾನಾಗಿ ಬಿದ್ದರೆ ಒಂದು ನಂಬರ್, ಯಾರಾದರೂ ತಳ್ಳಿದರೆ ಇನ್ನೊಂದು. ನೆಂಟರ ಮನೆಯಲ್ಲಿ ಯಾರಾದರೂ ಮಂಡಿನೋವೆಂದರೆ, ಎಡದ್ದೋ ಬಲದ್ದೋ ಇತ್ಯರ್ಥವಾಗುವ ತನಕ ಕಾಫಿ ಲೋಟ ಮುಟ್ಟುವವರಲ್ಲ. ದೊಡ್ಡ ಡಾಕ್ಟರ ಕೈಬರಹ ಕಂಡರೆ ‘ಇದೂ ಒಂದು ಕಾಯಿಲೆನೇ, ನಂಬರ್ ಮಾತ್ರ ಇಲ್ಲ’ ಎನ್ನುತ್ತಾರೆ. ಗುಮಾಸ್ತನೊಬ್ಬ ಮನೆಗೆ ಹೋಗುವ ಆತುರದಲ್ಲಿ ಯಾವುದಾದರೂ ರೋಗವನ್ನು ಪಟ್ಟಿಯ ಕೊನೆಯ ‘ಇತರೆ’ಗೆ ತಳ್ಳಿದನೋ, ಅವನ ಕತೆ ಮುಗಿಯಿತು: ‘ಇತರೆ ಅನ್ನೋದು ಕಾಯಿಲೆ ಅಲ್ಲಪ್ಪ, ನಿನ್ನ ಸೋಮಾರಿತನ.’ ಇಷ್ಟಕ್ಕೆಲ್ಲ ಇಷ್ಟು ಸಿಟ್ಟೇ ಎಂದು ನಕ್ಕ ನನಗೆ ಹಳೆಯ ಗುಮಾಸ್ತರೊಬ್ಬರು ಹೇಳಿದರು: ನಂಬರಮ್ಮನ ತಮ್ಮನನ್ನು ಕೊಂದ ಕಾಯಿಲೆಗೆ ಹಳೆಯ ವರ್ಗೀಕರಣದ ಪುಸ್ತಕದಲ್ಲಿ ಸಂಖ್ಯೆಯೇ ಇರಲಿಲ್ಲವಂತೆ, ಅವನನ್ನು ‘ಇತರೆ’ಗೆ ಸೇರಿಸಿದ ಕೈ ಆಗ ಇಲ್ಲೇ ದಾಖಲೆ ಬರೆಯುತ್ತಿದ್ದ ಅಕ್ಕನದೇ ಅಂತೆ. ಹೊಸ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಬಂದಿದೆ, ಅವರ ಪಾಠ ಅಲ್ಲಿಂದಲೇ ಶುರು. ಆದರೆ ಹಳೆಯ ಸಾವುಗಳ ದಾಖಲೆಯನ್ನು ತಿದ್ದುವಂತಿಲ್ಲ ಎಂಬುದು ನಿಯಮ. ನಾನು ದೊಡ್ಡ ಮನುಷ್ಯನಂತೆ ‘ಅಂತೂ ನಂಬರ್ ಸಿಕ್ತಲ್ಲ ಮೇಡಂ, ಸಮಾಧಾನ ಆಯ್ತಾ?’ ಎಂದು ಕೇಳಿದೆ. ‘ರೋಗಕ್ಕೆ ಸಿಕ್ತು’ ಎಂದರು. ‘ನನ್ನ ತಮ್ಮ ಇನ್ನೂ ಇತರೆಯಲ್ಲೇ ಇದ್ದಾನೆ.’